ಮನೇಲಿ ಕಾರ್ ಕಟ್ಟೋರು ಹಗಲಲ್ಲಿ ಏನ್ ಕೆಲಸ ಮಾಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಬಂದು 14 ವರ್ಷ ಆಯ್ತು, ಅದ್ರಲ್ಲಿ ನಾಲ್ಕು ವರ್ಷ ಮನೆ ಪಕ್ಕದ ಒಂದೇ ಕಾರಿನ ಗ್ಯಾರೇಜಲ್ಲಿ ಎರಡು ಸೀಟಿನ ಪುಟ್ಟ ಕಾರೊಂದನ್ನ ಕಟ್ಟಿದೀನಿ. ಕನ್ನಡ ಕೂಟದ ಯುಗಾದಿ ಊಟದಲ್ಲಿ, ಊರಿಗೆ ಹೋದಾಗ ಮದುವೆ ಮನೇಲಿ, ಎಲ್ಲಿ ಹೋದ್ರೂ ಅದೇ ಪ್ರಶ್ನೆಗಳು. ಕಾರ್ ಎಷ್ಟು ಸ್ಪೀಡ್ ಹೋಗತ್ತೆ ಅನ್ನೋದಕ್ಕಿಂತ ಮುಂಚೆ "ಅಲ್ಲಾ, ನೀವು ಕೆಲಸ ಏನ್ ಮಾಡ್ತೀರಿ?" ಅಂತಲೇ ಕೇಳ್ತಾರೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ.

ನೀವು ಮೆಕ್ಯಾನಿಕ್ಕಾ? ಇಂಜಿನಿಯರಾ?

ಎರಡೂ ಅಲ್ಲ. ಆಸ್ಪತ್ರೆ ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋ ಕೆಲಸ ನಂದು, ಶಿಫ್ಟ್ ಡ್ಯೂಟಿ. ಸ್ಪ್ಯಾನರ್ ಹಿಡಿಯೋದು ಕಲಿತದ್ದು ನಮ್ಮ ಸೋದರಮಾವನ ಶೆಡ್ಡಲ್ಲಿ, ಅವ್ರು ಟ್ರ್ಯಾಕ್ಟರ್ ಟ್ರೇಲರ್‌ಗೆ ವೆಲ್ಡಿಂಗ್ ಮಾಡ್ತಿದ್ರು, ಬೇಸಿಗೆ ರಜೆಯಲ್ಲಿ ನಾನು ಪಕ್ಕದಲ್ಲಿ ನಿಂತು ರಾಡ್ ಎತ್ತಿ ಕೊಡ್ತಿದ್ದೆ, ಅಷ್ಟೇ ನನ್ನ ಟ್ರೈನಿಂಗು.

ಕಾರ್ ಕಟ್ಟೋದು ಅಂದ್ರೆ ಏನು? ಎಲ್ಲಾ ನೀವೇ ಮಾಡ್ತೀರಾ?

ಇಂಜಿನ್ ಯಾರೂ ಎರಕ ಹೊಯ್ಯಲ್ಲ. ಹಳೇ ಕಾರೊಂದನ್ನ ತಗೊಂಡು ಅದ್ರಿಂದ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಬಿಚ್ಚಿಕೊಳ್ತೀವಿ, ಅದಕ್ಕೆ ಡೋನರ್ ಕಾರ್ ಅಂತಾರೆ. ಮೊದಲು ಫೋರ್ಡ್ ಎಸ್ಕಾರ್ಟ್ ಜಾಸ್ತಿ ಬಳಸ್ತಿದ್ರು, ಆಮೇಲೆ ಸಿಯೆರಾ ಬಂತು, ಈಗ ಮಾಜ್ದಾ ಎಂಎಕ್ಸ್-5. ಚಾಸಿಸ್, ಅಂದ್ರೆ ಕಾರಿನ ಅಸ್ಥಿಪಂಜರ, ಮಾತ್ರ ಹೊಸದು. ಅದನ್ನ ಕಂಪನಿಯಿಂದ ಕಿಟ್ ಆಗಿ ತರಿಸಬಹುದು, ಇಲ್ಲಾ ನನ್ನ ಥರ 25 ಮಿಲಿಮೀಟರ್ ಚೌಕದ ಸ್ಟೀಲ್ ಟ್ಯೂಬು ತಂದು, ಕತ್ತರಿಸಿ, ಪ್ಲೈವುಡ್ ಹಲಗೆ ಮೇಲೆ ಮೊಳೆ ಹೊಡೆದು ಕೂರಿಸಿ ವೆಲ್ಡ್ ಮಾಡಬಹುದು. ಲೋಟಸ್ ಸೆವೆನ್ ಅನ್ನೋ ಹಳೇ ಸ್ಪೋರ್ಟ್ಸ್ ಕಾರಿನ ಆಕಾರದ ಇಂಥ ಕಡಿಮೆ ಖರ್ಚಿನ ಕಾರಿಗೆ ಇಲ್ಲಿ ಲೋಕಾಸ್ಟ್ ಅಂತ ಹೆಸರು.

ಹಾಗಾದ್ರೆ ಇಂಥ ಕಾರ್ ಕಟ್ಟೋರು ಯಾರ್ಯಾರು? ಯಾವ ಯಾವ ಕೆಲಸದೋರು?

ಈ ಪ್ರಶ್ನೆ ಅಂದ್ರೆ ನನಗೆ ತುಂಬಾ ಇಷ್ಟ. ನನಗೆ ಹತ್ತಿರದಿಂದ ಗೊತ್ತಿರೋರನ್ನೇ ಹೇಳ್ತೀನಿ. ಒಬ್ರು ಪೋಸ್ಟ್‌ಮ್ಯಾನು, ಬೆಳಗಿನ ಜಾವ ಹೋಗಿ ಮಧ್ಯಾಹ್ನಕ್ಕೇ ವಾಪಸ್ ಬರ್ತಾರೆ, ಬೆಳಕಿರೋವಾಗ್ಲೇ ಕೆಲಸ ಮಾಡೋ ಭಾಗ್ಯ ಅವ್ರದ್ದು. ಒಬ್ರು ರೈಲು ಡ್ರೈವರ್. ಇಬ್ರು ಸ್ಕೂಲ್ ಟೀಚರ್ರು, ಅವ್ರ ಕಾರುಗಳು ವರ್ಷವೆಲ್ಲಾ ನಿಂತಲ್ಲೇ ನಿಂತಿರತ್ತೆ, ಬೇಸಿಗೆ ರಜೆ ಆರು ವಾರದಲ್ಲಿ ಎದ್ದು ಓಡತ್ತೆ. ಒಬ್ರು ವಕೀಲ್ರು. ಒಬ್ರು ನರ್ಸ್, ನಮ್ಮ ಆಸ್ಪತ್ರೆಯವ್ರೇ, ವೆಲ್ಡಿಂಗ್ ಅಂತೂ ನನಗಿಂತ ಎಷ್ಟೋ ಚೆನ್ನಾಗಿ ಮಾಡ್ತಾರೆ.

ಇವ್ರೆಲ್ಲರಿಗಿಂತ ನನಗೆ ಬೆರಗು ಹುಟ್ಟಿಸಿದ್ದು ಒಬ್ರು ಡೆಂಟಲ್ ಟೆಕ್ನಿಷಿಯನ್. ಹಲ್ಲಿನ ಸೆಟ್ ಮಾಡೋರು. ಅವ್ರ ಕಾರಿನ ಮುಂದಿನ ಮೂತಿ, ಮಡ್ಗಾರ್ಡು ಎಲ್ಲಾ ಫೈಬರ್‌ಗ್ಲಾಸಿಂದ ಅವ್ರೇ ಮಾಡ್ಕೊಂಡಿದ್ದು. ಮೊದಲು ಫೋಮಲ್ಲಿ ಆಕಾರ, ಅದರ ಮೇಲೆ ಮೇಣ ತಿಕ್ಕಿ ಅಚ್ಚು, ಅಚ್ಚಿನೊಳಗೆ ಜೆಲ್‌ಕೋಟು, ಆಮೇಲೆ ಗ್ಲಾಸ್ ಮ್ಯಾಟು. ಅಚ್ಚಿಂದ ಬಿಡಿಸೋವಾಗ ಎಲ್ಲಾದ್ರೂ ಕಚ್ಕೊಂಡ್ರೆ ಎಲ್ಲಾ ಹಾಳು, ಹೊಸಬರಿಗೆ ಕೈ ನಡುಗೋದು ಅಲ್ಲೇ. ಅವ್ರು ಮಾತ್ರ ಅಂಚಲ್ಲಿ ಹೆಬ್ಬೆರಳು ಇಟ್ಟು, ಕಿವಿ ಹತ್ತಿರ ತಂದು, ಮೆಲ್ಲಗೆ ಒತ್ತಿದ್ರು, ಟಿಕ್ ಅಂತ ಒಂದು ಸದ್ದು ಬಂತು, ಪೂರ್ತಿ ಮೂತಿ ಈಚೆ ಬಂತು. ಇದನ್ನೇ ದಿನಾ ಹಲ್ಲಿನಲ್ಲಿ ಮಾಡ್ತೀನಿ, ಸೈಜ್ ಒಂದೇ ಬೇರೆ ಅಂದ್ರು.

ಕಾರಿನ ಹತ್ರ ಐದು ನಿಮಿಷ ನಿಂತ್ರೆ ಕಟ್ಟಿದೋರ ಹಗಲಿನ ಕೆಲಸ ಏನು ಅಂತ ಹೇಳಿಬಿಡಬಹುದು, ಇದು ನಾನು ಇಷ್ಟು ವರ್ಷ ನೋಡಿ ನಂಬಿರೋ ಮಾತು. ಎಲೆಕ್ಟ್ರಿಷಿಯನ್ ಕಟ್ಟಿದ ಕಾರಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ನೋಡಿ, ವೈರುಗಳು ಜಡೆ ಹೆಣೆದ ಹಾಗೆ ಇರತ್ತೆ. ಬಡಗಿ ಕಟ್ಟಿದ ಕಾರಲ್ಲಿ ಬಾಗಿಲ ಸಂದು ಮೇಲಿಂದ ಕೆಳಗಿನ ತನಕ ಒಂದೇ ಅಗಲ. ನನ್ನ ಕಾರಲ್ಲಿ ಎಲ್ಲಾ ಕಡೆ ಲೇಬಲ್. ಡೋನರ್ ಕಾರ್ ಬಿಚ್ಚಿದಾಗ ಒಂದೊಂದು ಬೋಲ್ಟೂ ಜಿಪ್ ಕವರಿಗೆ ಹಾಕಿ ದಿನಾಂಕ, ಎಲ್ಲಿಂದ ಬಿಚ್ಚಿದ್ದು, ಎಡನಾ ಬಲನಾ, ಎಷ್ಟು ವಾಷರ್ ಇತ್ತು ಅಂತ ಬರೆದಿಟ್ಟೆ, ರಕ್ತದ ಸ್ಯಾಂಪಲ್ ಟ್ಯೂಬಿಗೆ ಅಂಟಿಸೋ ಹಾಗೇನೇ. ಎರಡು ವರ್ಷ ಆದ್ಮೇಲೆ ತೆಗೆದಾಗ ಒಂದು ನಟ್ಟೂ ಅದಲುಬದಲು ಆಗಿರ್ಲಿಲ್ಲ.

ಮೆಕ್ಯಾನಿಕ್‌ಗಳು ಇರಲ್ವಾ?

ಇರ್ತಾರೆ, ಆದ್ರೆ ನೀವು ಅಂದ್ಕೊಂಡಷ್ಟಿಲ್ಲ. ದಿನವಿಡೀ ಬೇರೆಯವ್ರ ಕಾರಿನ ಕೆಳಗೆ ಮಲಗಿ ಬಂದೋರಿಗೆ ರಾತ್ರಿ ಮತ್ತೆ ಕಾರಿನ ಕೆಳಗೆ ಮಲಗೋಕೆ ಮನಸ್ಸು ಬರಲ್ಲ, ಅದು ಸಹಜ. ಬಂದೋರ ಕೆಲಸ ಮಾತ್ರ ನೋಡೋಕೇ ಒಂದು ಖುಷಿ, ನಾನು ಮೂರು ವಾರ ಒದ್ದಾಡಿದ ಕ್ಲಚ್ಚನ್ನ ಒಬ್ರು ಒಂದು ಸಂಜೇಲಿ ಕೂರಿಸಿ ಟೀ ಕುಡ್ದು ಹೋದ್ರು.

ಈ ಹುಚ್ಚು ಇಂಗ್ಲೆಂಡಲ್ಲಿ ಯಾವಾಗಿಂದ ಇದೆ? ಮೊದಲಿನೋರು ಏನ್ ಕೆಲಸ ಮಾಡ್ತಿದ್ರು?

ಎರಡನೇ ಮಹಾಯುದ್ಧ ಮುಗಿದ್ಮೇಲೆ ಹೊಸ ಕಾರು ಸಾಮಾನ್ಯ ಜನಕ್ಕೆ ಸಿಗ್ತಾನೇ ಇರ್ಲಿಲ್ಲ, ಮಾಡಿದ್ರಲ್ಲಿ ಹೆಚ್ಚಿನದು ಎಕ್ಸ್‌ಪೋರ್ಟಿಗೆ ಹೋಗ್ತಿತ್ತು, ಸಿಕ್ಕರೂ ಪರ್ಚೇಸ್ ಟ್ಯಾಕ್ಸ್ ತಲೆ ಮೇಲೆ ಕೂತಿತ್ತು. ಆದ್ರೆ ಯುದ್ಧಕ್ಕೆ ಮುಂಚಿನ ಹಳೇ ಪುಟ್ಟ ಕಾರುಗಳು, ಆಸ್ಟಿನ್ ಸೆವೆನ್‌ಗಳು ಅಗ್ಗಕ್ಕೆ ಸಿಗ್ತಿದ್ವು. ಜೊತೆಗೆ ವಿಮಾನ ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಂ ಬಗ್ಗಿಸಿ, ರಿವೆಟ್ ಹೊಡೆದು ಪಳಗಿದ ಕೈಗಳಿದ್ವು. ಎರಡೂ ಸೇರಿತು.

ಲೋಟಸ್ ಕಂಪನಿ ಶುರು ಮಾಡಿದ ಕಾಲಿನ್ ಚಾಪ್ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಸಿವಿಲ್ ಇಂಜಿನಿಯರಿಂಗ್ ಓದ್ತಿದ್ದಾಗಲೇ ಹಳೇ ಆಸ್ಟಿನ್ ಸೆವೆನ್ ಬಿಚ್ಚಿ, 1948ರಲ್ಲಿ ತನ್ನ ಮೊದಲ ಕಾರ್ ಕಟ್ಟಿದ್ದು. ಎಲ್ಲಿ ಅಂದ್ರೆ ಆಗಿನ ಗೆಳತಿ, ಮುಂದೆ ಹೆಂಡತಿ ಆದ ಹೇಜಲ್ ಅವ್ರ ಅಪ್ಪ ಅಮ್ಮನ ಮನೆ ಹಿಂದಿನ ಗ್ಯಾರೇಜಲ್ಲಿ. 1952ರಲ್ಲಿ ಕಂಪನಿ ಅಂತ ಬೋರ್ಡ್ ಹಾಕಿದ್ರು, ಜಾಗ ಲಂಡನ್ನಿನ ಹಾರ್ನ್ಸಿಯಲ್ಲಿ ಚಾಪ್ಮನ್ ಅವ್ರಪ್ಪನ ಹೋಟೆಲ್ ಹಿಂದಿದ್ದ ಹಳೇ ಕುದುರೆ ಲಾಯ. ಬೋರ್ಡ್ ಹಾಕಿದ್ರೂ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯ ಕೆಲಸ ಬಿಡ್ಲಿಲ್ಲ, ಹಗಲು ಅಲ್ಲಿ, ಸಂಜೆ ಮೇಲೆ ಇಲ್ಲಿ, 1955ರ ತನಕ. ಅವ್ರ ಜೊತೆ ಸೇರಿದ ಮೈಕ್ ಕಾಸ್ಟಿನ್ ಹಗಲು ಡಿ ಹ್ಯಾವಿಲ್ಯಾಂಡ್ ವಿಮಾನ ಕಂಪನೀಲಿ, ರಾತ್ರಿ ಲಾಯದಲ್ಲಿ. ಅವ್ರಣ್ಣ ಫ್ರ್ಯಾಂಕ್ ಕೂಡ ಡಿ ಹ್ಯಾವಿಲ್ಯಾಂಡಲ್ಲೇ, ಗಾಳಿ ಹೇಗೆ ಹರಿಯತ್ತೆ ಅನ್ನೋ ಲೆಕ್ಕದೋರು, ಆ ವಿಮಾನದ ಲೆಕ್ಕವನ್ನೇ ತಂದು ಲೋಟಸ್ ಕಾರಿನ ಮೈಗೆ ಹಾಕಿದ್ರು. ಮೈಕ್ ಆಮೇಲೆ 1958ರಲ್ಲಿ ಕೀತ್ ಡಕ್‌ವರ್ತ್ ಜೊತೆ ಸೇರಿ ಕಾಸ್‌ವರ್ತ್ ಶುರು ಮಾಡಿದ್ರು, ಇಬ್ರ ಹೆಸರೂ ಅರ್ಧರ್ಧ. ಆ ಕಂಪನಿಯ ಡಿಎಫ್‌ವಿ ಇಂಜಿನ್ 1967ರಲ್ಲಿ ತನ್ನ ಮೊದಲ ಗ್ರ್ಯಾನ್ ಪ್ರೀ, ಅಂದ್ರೆ ಫಾರ್ಮುಲಾ ಒನ್ ರೇಸಲ್ಲೇ ಗೆದ್ದು, ಒಟ್ಟು 155 ಗ್ರ್ಯಾನ್ ಪ್ರೀ ಗೆದ್ದಿದೆ. ಸಂಜೆ ಡ್ಯೂಟಿ ಮುಗಿಸಿ ಬಂದ ಇಬ್ರು ಮೂವರು ಕುದುರೆ ಲಾಯದಲ್ಲಿ ಲೈಟ್ ಹಾಕ್ಕೊಂಡು ಕೂತಿದ್ದು ಎಲ್ಲಿಗೆ ಹೋಗಿ ಮುಟ್ತು ನೋಡಿ, ಪ್ರತಿ ಸಲ ಇದನ್ನ ಹೇಳೋವಾಗ ನನಗೆ ಮೈ ಜುಂ ಅನ್ನತ್ತೆ.

ಲೋಲಾ ರೇಸ್ ಕಾರ್ ಕಂಪನಿ ಕಟ್ಟಿದ ಎರಿಕ್ ಬ್ರಾಡ್ಲಿ ಕಟ್ಟಡ ನಿರ್ಮಾಣದ ಕೆಲಸದಿಂದ ಬಂದೋರು. ಆರ್ಥರ್ ಮ್ಯಾಲಕ್ ಸೇನೆಯಲ್ಲಿ ಮೇಜರ್, ಅವ್ರ ರೇಸ್ ಕಾರಿನ ಹೆಸರು ಯೂ-ಟೂ, ಓದಿದ್ರೆ "ನೀನೂ" ಅಂದ ಹಾಗೆ ಕೇಳ್ಸತ್ತೆ. ಫಾರ್ಮುಲಾ ಒನ್ ಕಾರುಗಳ ಡಿಸೈನರ್ ಏಡ್ರಿಯನ್ ನ್ಯೂಯಿ ಅವ್ರ ತಂದೆ ದನಕರು ನಾಯಿಗಳ ಡಾಕ್ಟರ್, ಕಾರು ಅಂದ್ರೆ ಪ್ರಾಣ, ಅವ್ರ ಮನೇಲಿ ಲೋಟಸ್ ಕಿಟ್ ಕಾರ್ ಜೋಡಿಸೋದನ್ನ ನೋಡ್ತಾ ಮಗ ಬೆಳೆದದ್ದು.

ಕಿಟ್‌ಗಳು ಯಾಕೆ ಅಷ್ಟು ಹಬ್ಬಿದ್ವು ಅಂದ್ರೆ, ಪೂರ್ತಿ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಕಟ್ಬೇಕಿತ್ತು, ಬಿಡಿಭಾಗ ತಗೊಂಡು ತಾವೇ ಜೋಡಿಸ್ಕೊಂಡ್ರೆ ಬೇಕಿರ್ಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಸಂಬಳದಾರರ ಕೈಗೆ ಸಿಕ್ಕಿದ್ದು ಹೀಗೆ. 1973ರ ಏಪ್ರಿಲಲ್ಲಿ ಪರ್ಚೇಸ್ ಟ್ಯಾಕ್ಸ್ ಬದಲು ಬಿಡಿಭಾಗಕ್ಕೂ ಬೀಳೋ ವ್ಯಾಟ್ ಬಂತು, ಆ ಲಾಭ ಹೋಯ್ತು. ಅದೇ ವರ್ಷ ಸೆವೆನ್ ಮಾಡೋ ಹಕ್ಕು ಕೇಟರ್‌ಹ್ಯಾಮ್ ಅನ್ನೋ ಕಂಪನಿಗೆ ಹೋಯ್ತು, ಅವ್ರು ಇವತ್ತಿಗೂ ಕಿಟ್ ಕೊಡ್ತಾರೆ.

ಕೆಲಸ ಬಿಟ್ಟು ಇದನ್ನೇ ಮಾಡೋಣ ಅನ್ಸಿದೆ...

ಬೇಡ ಕಣ್ರೀ. ಚಾಪ್ಮನ್ ಅಂಥೋರೇ ಕಂಪನಿ ಶುರು ಮಾಡಿದ್ಮೇಲೂ 1955ರ ತನಕ ಸಂಬಳ ಬಿಡ್ಲಿಲ್ಲ. ಸಂಬಳ ಬರ್ತಿದ್ರೆ ತಪ್ಪು ಕತ್ತರಿಸಿದ ಟ್ಯೂಬನ್ನ ಎಸೆದು ಹೊಸದು ತರೋ ಧೈರ್ಯ ಇರತ್ತೆ, ಇಲ್ಲಾಂದ್ರೆ ಅದನ್ನೇ ಹೇಗೋ ಹೊಂದಿಸಿ ವೆಲ್ಡ್ ಮಾಡ್ತೀವಿ, ಆ ವೆಲ್ಡಿನ ಮೇಲೆ ನಮ್ಮ ಜೀವ ಕೂತಿರತ್ತೆ.

ಟೈಮ್ ಎಲ್ಲಿಂದ ತರ್ತೀರಿ?

ವಾರಕ್ಕೆ ಎರಡು ಸಂಜೆ, ಶನಿವಾರ ಅರ್ಧ ದಿನ. ಅಷ್ಟೇ, ನಾಲ್ಕು ವರ್ಷ. ನೈಟ್ ಶಿಫ್ಟ್ ಮುಗಿಸಿ ಬಂದ ದಿನ ಗ್ಯಾರೇಜ್ ಬೀಗ ತೆಗೆಯಲ್ಲ, ಅದು ನಾನೇ ಹಾಕ್ಕೊಂಡ ಕಟ್ಟುನಿಟ್ಟು. ನಿದ್ದೆಗಣ್ಣಲ್ಲಿ ಒಂದು ಸಲ ಸಸ್ಪೆನ್ಷನ್ ಬ್ರಾಕೆಟ್ ತಲೆಕೆಳಗೆ ವೆಲ್ಡ್ ಮಾಡಿ, ಅದನ್ನ ಗ್ರೈಂಡರಲ್ಲಿ ಬಿಡಿಸೋಕೆ ಎರಡು ವಾರ ಹಿಡೀತು. ಇನ್ನೊಂದು ವಿಷಯ, ಪ್ರತಿ ಸಲ ಗ್ಯಾರೇಜ್ ಬಿಡೋ ಮುಂಚೆ ಮುಂದಿನ ಸಲ ಮೊದಲು ಮಾಡೋ ಕೆಲಸ ಏನು ಅಂತ ಒಂದು ಸಾಲು ಬರೆದು ಬಾನೆಟ್ ಮೇಲೆ ಅಂಟಿಸಿ ಬರ್ತೀನಿ. ಲ್ಯಾಬಲ್ಲಿ ಶಿಫ್ಟ್ ಬದಲಾಗೋವಾಗ ಮುಂದಿನವ್ರಿಗೆ ಬರೆದಿಡ್ತೀವಲ್ಲ, ಅದೇ. ಇದೊಂದು ಅಭ್ಯಾಸ ಇಲ್ದೇ ಇದ್ರೆ ಎರಡು ಗಂಟೆ ಸಂಜೇಲಿ ಅರ್ಧ ಗಂಟೆ ಬರೀ ನೆನಪು ಮಾಡ್ಕೊಳ್ಳೋದ್ರಲ್ಲೇ ಹೋಗ್ತಿತ್ತು.

ದುಡ್ಡು?

ನನಗೆ ಸುಮಾರು 9,000 ಪೌಂಡ್ ಆಯ್ತು, ಡೋನರ್ ಕಾರ್, ವೆಲ್ಡಿಂಗ್ ಮೆಷಿನ್ ಎಲ್ಲಾ ಸೇರಿ, ನಾಲ್ಕು ವರ್ಷದ ಮೇಲೆ ಹಂಚಿ. ಸಾಲ ಮಾಡ್ಲಿಲ್ಲ. ಸಂಬಳ ಬಂದ ವಾರ ಸಾಮಾನು ಬರತ್ತೆ, ತಿಂಗಳ ಕೊನೇ ವಾರ ತುಕ್ಕು ಉಜ್ಜೋ ಕೆಲಸ, ಅದಕ್ಕೆ ಕಾಸು ಬೇಡ.

ನಾನು ಐಟಿಯಲ್ಲಿದೀನಿ, ಕೈಕೆಲಸ ಗೊತ್ತಿಲ್ಲ. ಆಗತ್ತಾ?

ಆಗತ್ತೆ. ಐಟಿಯವ್ರು ಬೇಕಾದಷ್ಟು ಜನ ಇದಾರೆ. ಇಂಜಿನ್ ನಡೆಸೋ ಕಂಪ್ಯೂಟರ್, ಅಂದ್ರೆ ಇಸಿಯು, ಟ್ಯೂನ್ ಮಾಡೋದು, ಸೆನ್ಸರ್ ಲಾಗ್ ನೋಡಿ ಪೆಟ್ರೋಲ್ ಎಷ್ಟು ಬಿಡ್ಬೇಕು ಅಂತ ಟೇಬಲ್ ತುಂಬೋದು ಅವ್ರಿಗೆ ನೀರು ಕುಡಿದ ಹಾಗೆ, ನಾವು ಅದಕ್ಕೆ ಅವ್ರನ್ನೇ ಹಿಡ್ಕೋತೀವಿ. ಅವ್ರು ಎಡವೋದು ಒಂದೇ ಕಡೆ, ಸಾಫ್ಟ್‌ವೇರಲ್ಲಿ ತಪ್ಪಾದ್ರೆ ಹಿಂದಕ್ಕೆ ಹೋಗಬಹುದು, ಕತ್ತರಿಸಿದ ಟ್ಯೂಬು ಮತ್ತೆ ಉದ್ದ ಆಗಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಚಾಸಿಸ್ ಮುಟ್ಟಬೇಡಿ. ಉಳಿದ ತುಂಡುಗಳನ್ನ ತಗೊಂಡು ವೆಲ್ಡ್ ಮಾಡಿ, ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಹೊಡೀರಿ. ವೆಲ್ಡ್ ಬಿಟ್ಕೊಂಡ್ರೆ ಇನ್ನೂ ಸಾಲ್ದು, ಟ್ಯೂಬೇ ಬಗ್ಗಿ ವೆಲ್ಡ್ ಹಾಗೇ ನಿಂತ್ರೆ ಸರಿ. ಸಂಜೆ ವೆಲ್ಡಿಂಗ್ ಕ್ಲಾಸುಗಳು ಕಾಲೇಜುಗಳಲ್ಲಿ ಇರತ್ತೆ, ಸೇರಿ. ಮನೇಲಿ ಯಾರಾದ್ರೂ "ಇಷ್ಟು ಓದಿ ಗ್ಯಾರೇಜ್ ಕೆಲಸಾನಾ" ಅಂದ್ರೆ ಮನಸ್ಸಿಗೆ ಹಚ್ಕೋಬೇಡಿ. ನನಗೂ ಅಂದಿದಾರೆ. ನಮ್ಮ ಮಾವ ಏಳನೇ ಕ್ಲಾಸ್ ಓದಿದೋರು, ಅವ್ರ ಕೈಲಿ ವೆಲ್ಡ್ ಆದ ಟ್ರೇಲರ್‌ಗಳು ಇನ್ನೂ ಕಬ್ಬು ಹೊರ್ತಾ ಇದಾವೆ, ಅದೇನು ಸಣ್ಣ ಕೆಲಸ ಅಲ್ಲ.

ರೋಡಿಗೆ ಇಳಿಸೋಕೆ ಯಾರು ಒಪ್ಪಿಗೆ ಕೊಡ್ತಾರೆ?

ಇಲ್ಲಿ ಐವಿಎ ಅಂತ ಒಂದು ಟೆಸ್ಟ್ ಇದೆ, ಒಂದೊಂದೇ ಕಾರನ್ನ ಕೂತು ಪರೀಕ್ಷೆ ಮಾಡೋದು. ಸಾಮಾನ್ಯ ಕಾರುಗಳಿಗೆ ಇದು 2009ರಲ್ಲಿ ಬಂತು, ಅದಕ್ಕೂ ಮುಂಚೆ ಎಸ್‌ವಿಎ ಅಂತ ಇತ್ತು. ಬ್ರೇಕು, ಲೈಟು, ಕನ್ನಡಿ, ಹೊಗೆ, ಶಬ್ದ, ಸೀಟ್‌ಬೆಲ್ಟ್ ಬಿಗಿದ ಜಾಗ ಎಲ್ಲಾ ನೋಡ್ತಾರೆ. ಎಲ್ಲರೂ ಫೇಲ್ ಆಗೋದು ಅಂಚುಗಳಲ್ಲಿ. 100 ಮಿಲಿಮೀಟರ್ ಗೋಲವೊಂದನ್ನ ಕಾರಿನ ಮೈಮೇಲೆ ಆಡಿಸಿದ್ರೆ ಎಲ್ಲೆಲ್ಲಿ ತಾಗತ್ತೋ ಅಲ್ಲೆಲ್ಲಾ ಅಂಚು ಕನಿಷ್ಠ 2.5 ಮಿಲಿಮೀಟರ್ ರೇಡಿಯಸ್ ಇರಬೇಕು, ದಾರೀಲಿ ಹೋಗೋರಿಗೆ ತಾಗಿದ್ರೆ ಕುಯ್ಯಬಾರದು ಅಂತ. ನಾನು ಮೊದಲ ಸಲ ಬಿದ್ದೆ, ಕನ್ನಡಿ ಬ್ರಾಕೆಟ್ಟಿನ ಒಂದು ಮೂಲೆ ಚೂಪಿತ್ತು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬಲಗಡೆ ಬ್ರೇಕ್ ಹೋಸ್ ಚಕ್ರಕ್ಕೆ ಉಜ್ತಿತ್ತು. ಬ್ರೇಕ್ ಹೋಸ್ ನನ್ನ ಕಣ್ಣಿಗೆ ಬೀಳದೇ ಹೋಗಿದ್ದು ನೆನೆಸಿಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ, ಆ ಇನ್ಸ್‌ಪೆಕ್ಟರಿಗೆ ನಾನು ಯಾವತ್ತೂ ಋಣಿ. ಎರಡನೇ ಸಲ ಪಾಸ್.

ನೀವೇ ನಿಮ್ಮ ಬಳಕೆಗೆ ಕಟ್ಟಿದ್ದು ಅಂತ ತೋರಿಸೋಕೆ ಫೋಟೋ, ಬಿಲ್ಲು ಎಲ್ಲಾ ಇಟ್ಕೊಂಡಿರಿ. ನಮ್ಮ ವಕೀಲ್ರ ಫೈಲ್ ನೋಡ್ಬೇಕು ನೀವು, ಪುಟಕ್ಕೆ ನಂಬರು, ಮುಂದೆ ವಿಷಯಸೂಚಿ, ಒಂದೊಂದು ವೆಲ್ಡಿಗೂ ಫೋಟೋ. ಪಾಸಾದ್ಮೇಲೆ ಇಲ್ಲಿನ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎ ನಂಬರ್ ಕೊಡತ್ತೆ. ಭಾಗಗಳು ಯಾವ ಕಾಲದ್ದು ಅಂತ ಹೇಳೋಕೆ ಆಗ್ದಿದ್ರೆ ನಂಬರ್ ಕ್ಯೂ ಅಕ್ಷರದಿಂದ ಶುರುವಾಗತ್ತೆ.

ಇನ್ಶೂರೆನ್ಸ್ ಫಾರ್ಮಲ್ಲಿ ಉದ್ಯೋಗ ಯಾಕೆ ಕೇಳ್ತಾರೆ? ಏನ್ ಬರೀಲಿ?

ಇಲ್ಲಿ ಉದ್ಯೋಗದ ಮೇಲೂ ಪ್ರೀಮಿಯಂ ಲೆಕ್ಕ ಹಾಕ್ತಾರೆ. ನಿಮ್ಮ ಸಂಬಳದ ಕೆಲಸ ಏನಿದೆಯೋ ಅದನ್ನೇ ಬರೀರಿ. ಕಾರ್ ಕಟ್ಟಿದೀನಿ ಅಂತ "ಮೋಟಾರ್ ಇಂಜಿನಿಯರ್" ಅಂತೆಲ್ಲಾ ಬರೆದ್ರೆ, ಕ್ಲೈಮ್ ಮಾಡೋವಾಗ ಅದೇ ಕುತ್ತಿಗೆಗೆ ಬರಬಹುದು. ಮನೇಲಿ ಕಟ್ಟಿದ ಕಾರು ಅನ್ನೋದನ್ನ ಮೊದಲೇ ಸ್ಪಷ್ಟವಾಗಿ ಹೇಳಿ.

ಕೈಗೆ ಪೆಟ್ಟಾದ್ರೆ ಹಗಲಿನ ಕೆಲಸದ ಗತಿ?

ಇದು ಸೀರಿಯಸ್ ಪ್ರಶ್ನೆ, ನನ್ನ ಕೆಲಸಾನೂ ಕೈ ಮೇಲೇ ನಿಂತಿರೋದು. ಗ್ರೈಂಡರ್ ಹಿಡಿದ್ರೆ ಕನ್ನಡಕ ಕಡ್ಡಾಯ. ತಿರುಗೋ ಡ್ರಿಲ್ ಹತ್ರ ಬಟ್ಟೆ ಗ್ಲೌಸ್ ಹಾಕ್ಲೇಬೇಡಿ, ದಾರ ಸಿಕ್ಕಿದ್ರೆ ಬೆರಳನ್ನೂ ಎಳ್ಕೊಂಡು ಹೋಗತ್ತೆ. ಜ್ಯಾಕ್ ಮೇಲಿರೋ ಕಾರಿನ ಕೆಳಗೆ ಸ್ಟ್ಯಾಂಡ್ ಇಲ್ದೇ ತಲೆ ಹಾಕಬೇಡಿ. ಇನ್ನೆರಡು ಮಾತು, ಲ್ಯಾಬಿನವನಾಗಿ ಹೇಳ್ತಿದೀನಿ, ದಯವಿಟ್ಟು ಕೇಳಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹೊಡೆದ ಲೋಹಕ್ಕೆ ವೆಲ್ಡಿಂಗ್ ಮಾಡಬೇಡಿ, ಬಿಸಿಗೆ ಫಾಸ್ಜೀನ್ ಅನ್ನೋ ವಿಷಗಾಳಿ ಹುಟ್ಟತ್ತೆ, ಯುದ್ಧದಲ್ಲಿ ಜನರನ್ನ ಕೊಲ್ಲೋಕೆ ಬಳಸಿದ್ದು ಅದು. ಗಟ್ಟಿಯಾಗಿಸೋ ರಾಸಾಯನಿಕ ಬೆರೆಸಿ ಹೊಡೆಯೋ ಟೂ-ಪ್ಯಾಕ್ ಪೇಂಟನ್ನ ಮನೆ ಗ್ಯಾರೇಜಲ್ಲಿ ಸ್ಪ್ರೇ ಮಾಡಬೇಡಿ, ಅದರ ಐಸೊಸೈನೇಟಿಂದ ಆಸ್ತಮಾ ಬರತ್ತೆ, ಸಾಮಾನ್ಯ ಮಾಸ್ಕ್ ಸಾಲಲ್ಲ, ಹೊರಗಿಂದ ಗಾಳಿ ಕೊಡೋ ಮಾಸ್ಕೇ ಬೇಕು. ನನ್ನ ಕಾರಿಗೆ ಬಣ್ಣ ಹೊಡೆಸಿದ್ದು ಪೇಂಟ್ ಅಂಗಡೀಲಿ.

ಮನೆಯವ್ರು ಏನಂತಾರೆ?

ನಮ್ಮ ಮನೆಯವ್ಳು ಅಕೌಂಟ್ಸ್ ಕೆಲಸದಲ್ಲಿದಾಳೆ, ಖರ್ಚಿನ ಲೆಕ್ಕ ಮೊದಲ ದಿನದಿಂದ ಅವ್ಳದ್ದೇ. ಬ್ರೇಕಿಂದ ಗಾಳಿ ತೆಗೆಯೋಕೆ ಇಬ್ರು ಬೇಕು, ಒಬ್ರು ಪೆಡಲ್ ಒತ್ತಬೇಕು, ಒಬ್ರು ಚಕ್ರದ ಹತ್ರ ಕೂತು ನಿಪ್ಪಲ್ ಸಡಿಲ ಮಾಡಬೇಕು. ಜನವರಿ ಚಳೀಲಿ ಶಾಲು ಹೊದ್ದು ಸೀಟಲ್ಲಿ ಕೂತಳು. "ಒತ್ತು", "ಹಿಡ್ಕೋ", "ಬಿಡು", ಹೀಗೆ ನಲವತ್ತು ನಿಮಿಷ. ಟ್ಯೂಬಲ್ಲಿ ಗುಳ್ಳೆ ಬರ್ತಾನೇ ಇತ್ತು. ಕೊನೆಗೆ ಅವ್ಳೇ, "ರೀ, ಕಾಲಿಗೆ ಈಗ ಕಲ್ಲು ಸಿಕ್ಕಿದ ಹಾಗಿದೆ ನೋಡಿ" ಅಂದ್ಲು. ಬಂದು ಒತ್ತಿ ನೋಡಿದೆ, ಪೆಡಲ್ ಗಟ್ಟಿ ನಿಂತಿತ್ತು. ಸರಿಯಾದ ಅಳತೆಗೆ ಬಿಗಿದಾದ ಬೋಲ್ಟಿಗೆಲ್ಲಾ ನಾನು ಹಳದಿ ಚುಕ್ಕಿ ಇಡ್ತೀನಿ, ಆ ನಾಲ್ಕು ನಿಪ್ಪಲಿಗೆ ಮಾತ್ರ ಅವ್ಳ ಕೈಲಿ ಕುಂಕುಮ.

ಕರ್ನಾಟಕದಲ್ಲಿ ಇದನ್ನ ಮಾಡಬಹುದಾ?

ಮನೇಲಿ ಕಟ್ಟಿ ರೋಡಿಗೆ ತರೋ ಇಲ್ಲಿನಂಥ ಸುಲಭ ದಾರಿ ಭಾರತದಲ್ಲಿ ಇಲ್ಲ. ಹೊಸ ವಾಹನ ಮಾಡೋರು ಪ್ರೋಟೋಟೈಪನ್ನ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಗೆ ಕೊಟ್ಟು ಪಾಸ್ ಮಾಡಿಸಬೇಕು, ಅದು ಕಂಪನಿಗಳ ಅಳತೆಯ ಖರ್ಚು. ಇರೋ ಕಾರನ್ನ ಬದಲಾಯಿಸೋಣ ಅಂದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಸಾಂಗ್ಲಿ ಜಿಲ್ಲೆ ದೇವರಾಷ್ಟ್ರೆ ಊರಿನ ಕಮ್ಮಾರರೊಬ್ರು ಮಗನಿಗಾಗಿ ಪುಟ್ಟ ಜೀಪ್ ಕಟ್ಟಿದ್ದು, ಕಿಕ್ ಹೊಡೆದು ಸ್ಟಾರ್ಟ್ ಮಾಡೋ ಅಂಥದ್ದು, 2021ರ ಕೊನೇಲಿ ಎಲ್ಲಾರೂ ನೋಡಿದ್ರು. ಆನಂದ್ ಮಹೀಂದ್ರಾ ಅದನ್ನ ತಗೊಂಡು ಬದಲಿಗೆ ಬೊಲೆರೊ ಕೊಟ್ರು. ಆ ಕಮ್ಮಾರರ ಕೈಗೆ ನಮಸ್ಕಾರ. ಅಂಥೋರಿಗೆ ಒಂದು ಟೆಸ್ಟ್ ಇಟ್ಟು, ಪಾಸಾದ್ರೆ ನಂಬರ್ ಕೊಡೋ ವ್ಯವಸ್ಥೆ ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ.

ಸದ್ಯಕ್ಕೆ ಹಳೇ ಕಾರ್ ರಿಸ್ಟೋರ್ ಮಾಡೋ ದಾರಿ ಚೆನ್ನಾಗಿದೆ. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರ ನಿಯಮದಲ್ಲಿ ವಿಎ ಅಕ್ಷರದ ವಿಂಟೇಜ್ ನಂಬರ್ ಸಿಗತ್ತೆ, ಹೊಸ ನೋಂದಣಿಗೆ 20,000 ರೂಪಾಯಿ, ದಿನಬಳಕೆಗೆ ಓಡಿಸೋ ಹಾಗಿಲ್ಲ. ಇಂಜಿನಿಯರಿಂಗ್ ಕಾಲೇಜಲ್ಲಿ ಇರೋ ಮಕ್ಕಳಿಗೆ ಬಾಹಾ, ಫಾರ್ಮುಲಾ ಭಾರತ್ ಸ್ಪರ್ಧೆಗಳಿವೆ, ಅಲ್ಲಿ ಪೂರ್ತಿ ಗಾಡಿ ಕಟ್ಟಬಹುದು.

ಆ ಕಾರಲ್ಲೇ ಕೆಲಸಕ್ಕೆ ಹೋಗ್ತೀರಾ?

ಮಳೆ ಇಲ್ದಿದ್ರೆ ಹೋಗ್ತೀನಿ. ಮೊದಲ ದಿನ ನೈಟ್ ಶಿಫ್ಟಿಗೆ ತಗೊಂಡು ಹೋಗಿದ್ದೆ. ಬೆಳಗ್ಗೆ ಎಂಟಕ್ಕೆ ಈಚೆ ಬಂದ್ರೆ ಪಾರ್ಕಿಂಗಲ್ಲಿ ಆ ನರ್ಸಮ್ಮ ಮಂಡಿಯೂರಿ ಕೂತು ಮುಂದಿನ ಸಸ್ಪೆನ್ಷನ್ ವೆಲ್ಡುಗಳನ್ನ ಮೊಬೈಲ್ ಟಾರ್ಚಲ್ಲಿ ಒಂದೊಂದೇ ನೋಡ್ತಾ ಇದ್ರು. ಎದ್ದು, "ಎಡಗಡೆ ಕೆಳಗಿಂದು ನೀನು ಮಾಡಿದ್ದಲ್ಲ ತಾನೇ?" ಅಂದ್ರು. ಹೌದು, ಅದೊಂದು ಬೇಸಿಗೇಲಿ ಊರಿಂದ ಬಂದಿದ್ದಾಗ ನಮ್ಮ ಮಾವ ಹಾಕಿದ್ದು.